ಇಬ್ಬರು ನೋಡುವ ಮೈಕ್ರೋಸ್ಕೋಪು

"ಈ ಕಪ್ಪೆಚಿಪ್ಪನ್ನ ಒಂದಿನ ಕೊಯ್ದು, ಒಳಗೇನಿದೆ ಅಂತ ಇಬ್ರೂ ಒಟ್ಟಿಗೇ ನೋಡೋಣ, ಮೇಸ್ತ್ರಿ" ಎಂದು ನನ್ನ ಗಂಡ ಮಗಳಿಗೆ ಮಾತು ಕೊಟ್ಟಾಗ ಅವಳು ಇನ್ನೂ ಶಾಲೆಗೆ ಸೇರಿರಲಿಲ್ಲ. ಮನೆಯವರಿಗೆಲ್ಲ ಕೆಲಸ ಹಚ್ಚುತ್ತಾಳೆಂದು ಅವನೇ ಇಟ್ಟ ಹೆಸರು ಮೇಸ್ತ್ರಿ. ಮೊದಲು ಅವನಿಗೆ ಬಿಡುವು ಸಿಗಲಿಲ್ಲ, ಆಮೇಲೆ ಕಾಯಿಲೆ ಅವನನ್ನು ಬಿಡಲಿಲ್ಲ. ಹೋದ ವರ್ಷ ತೀರಿಕೊಂಡ.

ನಾನೂ ಅವನೂ ಒಂದೇ ಪ್ರಯೋಗಾಲಯದವರು. ಚಿಪ್ಪು ಕೊಯ್ದು, ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ತಿಕ್ಕುವುದು ನನ್ನ ಕೆಲಸ. ಅದನ್ನು ನೋಡಿ ಹೊಸಬರಿಗೆ ಕಲಿಸುವುದು ಅವನದು. ಅದಕ್ಕೆಂದೇ ಅವನ ಮೈಕ್ರೋಸ್ಕೋಪಿಗೆ ಎದುರುಬದುರಾಗಿ ಎರಡು ಕಡೆ ಕಣ್ಣಿಡುವ ಕೊಳವೆಗಳಿದ್ದವು, ಒಂದು ಕಲಿಸುವವರಿಗೆ, ಒಂದು ಕಲಿಯುವವರಿಗೆ. ಅದನ್ನು ಈ ವಾರ ಸಾಗಿಸಿ ಪರದೆಯಿರುವ ಹೊಸದನ್ನು ತರುತ್ತಾರೆಂದು ನಾನು ಮನೆಯಲ್ಲಿ ಹೇಳಿದಾಗ, ಮಗಳೇ ಆ ಚಿಪ್ಪನ್ನು ತಂದು ನನ್ನ ಚೀಲಕ್ಕೆ ಹಾಕಿದಳು.

"ಸರಿಯಾಗಿ ತಿಕ್ಕಮ್ಮ. ಪಾತ್ರೆ ತಿಕ್ಕಿದ ಹಾಗಲ್ಲ."

"ಅಪ್ಪಣೆ, ಮೇಸ್ತ್ರಿಗಳೇ."

ಚಿಪ್ಪು ಸಿದ್ಧವಾದ ದಿನ, ಶಾಲೆ ಬಿಟ್ಟ ಮೇಲೆ ಕರೆದುಕೊಂಡು ಹೋದೆ. ಅವಳು ಕಲಿಯುವವರ ಕಡೆ ಕುಳಿತಳು. ಬೆಳಗಿನಿಂದ ನಿಂತು ನನ್ನ ಕಾಲು ಸೋತಿದ್ದವು. ಅದಕ್ಕಿಂತ ಹೆಚ್ಚಾಗಿ, ಅವಳು ಕಾಣುವುದನ್ನು ಅವಳ ಜೊತೆಗೇ ಕಾಣಬೇಕೆಂಬ ಆಸೆ. ಎದುರಿನ ಕುರ್ಚಿ ಎಳೆದೆ.

"ಅಲ್ಲಿ ಕೂರ್ಬೇಡ."

"ಮತ್ತೆ ಫೋಕಸ್ ಮಾಡೋರು ಯಾರೇ?"

"ನೀನೇ. ನಿಂತ್ಕೊಂಡು ಮಾಡು. ಅದು ಅಪ್ಪನ ಜಾಗ."

ಕುರ್ಚಿ ಬಿಟ್ಟು ಪಕ್ಕಕ್ಕೆ ನಿಂತೆ. ನೋಡದೆಯೇ ತಿರುಪು ತಿರುಗಿಸಿದೆ.

"ಬರೀ ಮಂಜು... ಇನ್ನೂ... ಅಯ್ಯೋ, ಹೋಯ್ತು, ಹಿಂದಕ್ಕೆ ತಿರುಗ್ಸು! ನಿಲ್ಸು, ನಿಲ್ಸು."

ತಿರುಪಿನಿಂದ ಕೈ ತೆಗೆದೆ.

"ಏನ್ ಕಾಣ್ತಿದೆ?"

"ಕಂಬ. ಒತ್ತೊತ್ತಾಗಿ ನಿಂತಿವೆ. ಮಧ್ಯ ಮಧ್ಯ ಕಂದು ಗೆರೆ."

"ಕಂಬ ಅಂದ್ರೆ ಸುಣ್ಣದ ಹರಳು. ಗೆರೆ ಇದೆಯಲ್ಲ, ಅದು ಒಳಗಿದ್ದ ಜೀವ ಮಾಡ್ಕೊಂಡ ಪೊರೆ. ಹರಳುಗಳನ್ನ ಹಿಡಿದು ನಿಲ್ಲಿಸಿರೋದು ಅದೇ."

"ಜೀವ ಹೋದ್ಮೇಲೂ ಪೊರೆ ಇರುತ್ತಾ?"

"ಇರುತ್ತೆ. ನಿಧಾನಕ್ಕೆ ಹೋಗುತ್ತೆ."

ಗಾಜಿಟ್ಟ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದೆ. ಹಾಗೆ ತಿರುಗಿಸಿದರೆ ಕಂಬಗಳು ಒಂದೊಂದೇ ಕಪ್ಪಾಗಿ ಮತ್ತೆ ಬೆಳಗುತ್ತವೆ. ನನಗೆ ಕಂಡದ್ದು ಅವಳ ನೆತ್ತಿ, ಬೆಳಿಗ್ಗೆ ಅವಸರದಲ್ಲಿ ನಾನು ಸೊಟ್ಟಗೆ ತೆಗೆದ ಬೈತಲೆ.

"ಅಪ್ಪಾ, ನೋಡು ನೋಡು, ಆರಿ ಆರಿ ಹೊತ್ಕೊಳ್ತಿದೆ!"

ಕೂಗಿ ತಲೆಯೆತ್ತಿದಳು. ಎದುರಿನ ಕೊಳವೆಗಳ ಹಿಂದೆ ಖಾಲಿ ಕುರ್ಚಿಯಿತ್ತು. ಅದನ್ನೇ ನೋಡುತ್ತ ಕುಳಿತಳು.

"ನಾನ್ ಕೂರ್ಲಾ ಪುಟ್ಟಾ?"

"ಬೇಡ. ಲೈಟ್ ಆರ್ಸು, ಮನೆಗೆ ಹೋಗೋಣ."

ಒಟ್ಟಿಗೇ ನೋಡೋಣ ಎಂದಿದ್ದ. ಅವಳು ಒಬ್ಬಳೇ ನೋಡಿದಳು.