ಪಾಷಾಣದ ಹಕ್ಕಿ

ಅರಸೀಕೆರೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಶಿವಯ್ಯ ಇಪ್ಪತ್ತಾರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಗಾಜಿನ ಪೆಟ್ಟಿಗೆಯೊಳಗಿನ ಒಂದು ಸತ್ತ ಹಕ್ಕಿಯನ್ನು. ಗುಬ್ಬಿಯಷ್ಟೇ ಗಾತ್ರ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದಲ್ಲಿ, ಹನ್ನೆರಡು ಸಾವಿರ ಅಡಿ ಎತ್ತರದ ಕುರುಚಲಿನಲ್ಲಿ ನೊಣ ಹಿಡಿದು ತಿಂದುಕೊಂಡಿದ್ದದ್ದನ್ನು ಯಾರೋ ಪಾದ್ರಿ ಹೊಡೆದು, ಹತ್ತಿ ತುಂಬಿ ತಂದುಕೊಟ್ಟಿದ್ದರಂತೆ. ಹುಳ ಹಿಡಿಯದಿರಲಿ ಅಂತ ತೊಗಲಿಗೆ ಪಾಷಾಣ ಸವರಿದ್ದಾರೆ, ಮುಟ್ಟಿದ ಕೈ ಬಾಯಿಗೆ ಹೋದರೆ ಸತ್ತೆ ಅಂತ ಹಳೇ ಮೇಷ್ಟ್ರು ಹೇಳಿದ್ದೇ ಶಿವಯ್ಯನಿಗೆ ಕೊನೇ ಮಾತು. ಊಟದ ಡಬ್ಬಿ ತರುತ್ತಿದ್ದ ಮಗ ದೇವರಾಜನಿಗೂ ಚಿಕ್ಕಂದಿನಿಂದ ಅದನ್ನೇ ಹೇಳಿ ಹೇಳಿ ಹೆದರಿಸಿದ್ದ.

ಹೊಟ್ಟೇಲಿ ಹುಟ್ಟಿದ್ದೇ ಮಗ್ಗುಲ ಮುಳ್ಳಾಗಬೇಕೆ? ತೊಂಬತ್ತಾರರ ಕಾಲೇಜು ಎಲೆಕ್ಷನ್ನಿನಲ್ಲಿ ಹನ್ನೊಂದು ಓಟಿಗೆ ಸೋತ ದೇವರಾಜ ಏಳು ಜನರನ್ನು ಕಟ್ಟಿಕೊಂಡು, ಸೈಕಲ್ ಚೈನು, ಹಾಕಿ ಬ್ಯಾಟು ಹಿಡಿದು ಲ್ಯಾಬಿಗೆ ನುಗ್ಗಿದ. ಗೆದ್ದ ಮಾದಿಹಳ್ಳಿಯ ಮಂಜುನಾಥ ಆಗಲೇ ಒಡೆದ ತಲೆ ಹಿಡಿದುಕೊಂಡು ಓಡಿಬಂದು ಒಳಗಿನ ಸ್ಟೋರ್ ರೂಮು ಸೇರಿದ್ದ. ಶಿವಯ್ಯ ಬೀಗ ಜಡಿದು ಕೀ ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಬಾಗಿಲು ತೆರೆದರೆ ಆ ಹುಡುಗ ಉಳಿಯಲ್ಲ, ತನ್ನ ಮಗ ಕೊಲೆಗಾರನಾಗುತ್ತಾನೆ ಅನ್ನುವುದು ಅವನಿಗೆ ಗೊತ್ತಿತ್ತು.

ಮಗ ಕೀ ಕೇಳಿದ. ಅಪ್ಪ ಕೊಡಲ್ಲ ಅಂದ. ಇನ್ನೊಬ್ಬ ಬ್ಯಾಟು ಬೀಸಿದ, ಮುಂಗೈ ಮೂಳೆ ಲಟಕ್ಕಂತ ಮುರಿಯಿತು. ಮತ್ತೊಬ್ಬನ ಚೈನು ಕೆನ್ನೆ ಸೀಳಿತು. ಶಿವಯ್ಯ ನೆಲಕ್ಕೆ ಬಿದ್ದ. ನಮ್ಮಪ್ಪನ ಮೈಮುಟ್ಟಬೇಡ್ರೋ ಅನ್ನಲು ಆ ಮಗನಿಗೆ ಬಾಯಿ ಬರಲಿಲ್ಲ, ಥೂ. ಅಷ್ಟರಲ್ಲಿ ಇಬ್ಬರು ಸ್ಟೋರ್ ಬಾಗಿಲಿಗೆ ಒದೆಯತೊಡಗಿದರು, ಹಳೇ ಹಲಗೆ ಬಿರುಕು ಬಿಟ್ಟಿತು.

ಶಿವಯ್ಯ ತೆವಳಿಕೊಂಡು ಹೋಗಿ ಮೊಣಕೈಯಿಂದ ಗಾಜಿನ ಪೆಟ್ಟಿಗೆ ಗುದ್ದಿದ. ಚೂರು ಮಾಂಸಕ್ಕಿಳಿದರೂ ಬಿಡದೆ ಹಕ್ಕಿಯನ್ನು ಈಚೆಗೆಳೆದ. ಇದರ ಮೈತುಂಬ ಪಾಷಾಣ ಐತೆ, ಬಾಗಿಲು ಮುಟ್ಟಿದವನ ಬಾಯಿಗೆ ತುರುಕುತ್ತೀನಿ ಅಂದ. ಹುಡುಗರು ಗಕ್ಕನೆ ನಿಂತರು.

"ಪಾಷಾಣನೂ ಇಲ್ಲ, ಮಣ್ಣೂ ಇಲ್ಲ ಕಣ್ರೋ," ಅಂದ ದೇವರಾಜ. "ಯಾರೂ ಮುಟ್ಟದಿರ್ಲಿ ಅಂತ ಕಟ್ಟಿರೋ ಕತೆ. ಒಡೀರಿ ಬಾಗ್ಲ."

"ಕತೆ ಏನ್ಲಾ? ಹಂಗಾದ್ರೆ ನೋಡು," ಅಂದ ಶಿವಯ್ಯ.

ಅಂದವನೇ, ಇಪ್ಪತ್ತಾರು ವರ್ಷ ಬೆರಳು ಸೋಕಿಸದಿದ್ದ ಹಕ್ಕಿಯ ತಲೆಯನ್ನು ಹಲ್ಲಿನಿಂದಲೇ ಕಿತ್ತು ಅಗಿಯತೊಡಗಿದ.

ದೇವರಾಜನ ಕೈಯಿಂದ ಚೈನು ಬಿತ್ತು. ಹಾರಿಬಂದು ಅಪ್ಪನ ಎದೆ ಮೇಲೆ ಕೂತು, ದವಡೆ ಅಗಲಿಸಿ, ನಾಲ್ಕು ಬೆರಳು ಗಂಟಲಿಗೆ ತೂರಿಸಿದ. ಅಪ್ಪ ಕಚ್ಚಿದ. ಬೆರಳಿನ ಮಾಂಸ ಹರಿದರೂ ಮಗ ಕೈ ತೆಗೆಯಲಿಲ್ಲ. ಉಗಿಯಪ್ಪ, ದಮ್ಮಯ್ಯ, ಉಗಿ ಅಂತ ಮಗುವಿನ ಹಾಗೆ ಅತ್ತ. ಇವನೇ ಇಷ್ಟು ಹೆದರಿದ ಮೇಲೆ ಅದು ಪಾಷಾಣವೇ ಸರಿ ಅಂತ ಉಳಿದವರು ಬಿದ್ದಂಬೀಳ ಓಡಿದರು. ಅವರು ಮೆಟ್ಟಿಲಿಳಿದ ಸದ್ದು ಕೇಳಿದ ಮೇಲೇ ಶಿವಯ್ಯ ಹಲ್ಲು ಸಡಿಲಿಸಿದ್ದು. ರಕ್ತ, ಹತ್ತಿ, ಬೂದು ಪುಕ್ಕ ಒಟ್ಟಿಗೇ ಬಂದವು.

ದೇವರಾಜ ಅಪ್ಪನನ್ನು ಎತ್ತಲು ನೋಡಿದ, ಒಬ್ಬನ ಕೈಲಾಗಲಿಲ್ಲ. ಶಿವಯ್ಯ ಉಡಿದಾರದ ಕೀ ಬಿಚ್ಚಿ ಮಗನ ಹರಿದ ಕೈಗಿಟ್ಟ.

ದೇವರಾಜ ಬೀಗ ತೆಗೆದ. ಒಳಗೆ ಮಂಜುನಾಥ ಗೋಡೆಗಂಟಿ ನಿಂತಿದ್ದ.

"ಕಾಲು ಹಿಡ್ಕೊಳೋ," ಅಂದ ದೇವರಾಜ, "ನಮ್ಮಪ್ಪನ್ನ ಆಸ್ಪತ್ರೆಗೆ ಹೊರ್ಬೇಕು."