ಬೀಗದಮ್ಮನ ಸರದಿ

ರೊಟ್ಟಿ ತಟ್ಟೆ ಹಿಡ್ಕೊಂಡು ನಿಂತಿದ್ದ ಚಿಕ್ಕ ಪಾಸ್ಟರ್ ಸಾಲಿನ ತುದೀಲಿ ಬೀಗದಮ್ಮನ್ನ ನೋಡಿದ. 

ಅವರ ಹೆಸರು ಅವನಿಗೆ ಗೊತ್ತಿರ್ಲಿಲ್ಲ.

ಗೊತ್ತಿಲ್ದಿದ್ರೆ ಏನೀಗ ಅಂತೀರಾ? ಆ ಚರ್ಚಿನ ಸಭೆಯಲ್ಲಿ ಒಂದು ರೂಢಿ. ಮೂವತ್ತು ವರ್ಷ ಇದ್ದು ಹೋದ ದೊಡ್ಡ ಪಾಸ್ಟರ್ ಯೇಸುವಿನ ನೆನಪಿಗೆ ಹಂಚೋ ಪ್ರಭುವಿನ ರೊಟ್ಟಿ ಕೊಡುವಾಗ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, "ಇದು ನಿನಗೋಸ್ಕರ" ಅಂತ ಹೇಳಿಯೇ ಕೊಡ್ತಿದ್ರು. ಇವನು ಬಂದು ಏಳು ತಿಂಗಳು. ನೂರ ಹನ್ನೆರಡು ಹೆಸರು ನೋಟ್‌ಬುಕ್ಕಲ್ಲಿ ಬರ್ಕೊಂಡು ಉರು ಹೊಡೆದಿದ್ದ. "ಎಡಗಡೆ ಮೂರನೇ ಬೆಂಚು, ಕನ್ನಡಕ, ಕೆಮ್ಮು, ಯಾರು ಹೇಳಿ?" ಅಂತ ಹೆಂಡತಿ ಪಾತ್ರೆ ತೊಳೀತಾ ಪರೀಕ್ಷೆ ಮಾಡೋಳು. ಅಷ್ಟಾದ್ರೂ ಹೋದ ತಿಂಗಳು ಬಡಗಿಯನ್ನ ಅವನ ತೀರಿಹೋದ ತಮ್ಮನ ಹೆಸರಲ್ಲಿ ಕರೆದುಬಿಟ್ಟ. ಬಡಗಿ ಹೊರಗೆ ಹೋದವನು ಇನ್ನೂ ಈ ಕಡೆ ತಲೆ ಹಾಕಿಲ್ಲ.

ಬೀಗದಮ್ಮ ಆ ನೋಟ್‌ಬುಕ್ಕಲ್ಲೇ ಇರ್ಲಿಲ್ಲ. ಬಾಗಿಲು ತೆಗೆಯೋದು, ಬೆಂಚು ಒರೆಸೋದು, ಕೊನೆಗೆ ಬೀಗ ಹಾಕೋದು ಅವರೇ. ಬಾಗಿಲ ಹತ್ರ ಸ್ಟೂಲ್ ಮೇಲೆ ಕೂತಿರೋರು. ಪಾಸ್ಟರಿಗೆ ಸಹಾಯಕ್ಕೆ ನಿಲ್ಲೋ ಸಭೆಯ ಹಿರಿಯಣ್ಣನೇ ಅಲ್ಲಿಗೆ ಹೋಗಿ ರೊಟ್ಟಿ ಕೊಟ್ಟು ಬರೋನು.

ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ಅವರು ಇವನನ್ನ ತಡೆದು ಹೇಳಿದ್ರು, "ನಾಳೆ ಎದೆ ಆಪರೇಷನ್ ಅಯ್ಯಾ. ಭಯ ಆಗ್ತಿದೆ. ಇವತ್ತು ನಾನೂ ಸಾಲಲ್ಲಿ ಬರ್ತೀನಿ. ನನ್ನ ಹೆಸರು ಹಿಡಿದು ಕೊಟ್ಟಿದ್ದು ಕೇಳ್ಕೊಂಡು ಹೋಗ್ಬೇಕು."

"ಬನ್ನಿ, ಬನ್ನಿ" ಅಂದಿದ್ದ, ಹಲ್ಲು ಕಿರಿದು. ಆಗ್ಲೇ ಕೇಳಿದ್ರೆ ಮುಗೀತಿತ್ತು. ಏಳು ತಿಂಗಳು ಅವರ ಕೈನೀರು ಕುಡಿದು ಈಗ ಹೆಸರು ಕೇಳೋದಾ ಅಂತ ನಾಚಿಕೆ. ಅದೂ ಸಾಲದು ಅಂತ, ಕುರುಬ ಕುರಿಗಳನ್ನ ಹೆಸರು ಹಿಡಿದು ಕರೀತಾನೆ ಅಂತ ಅರ್ಧ ಗಂಟೆ ಉಪದೇಶ ಬೇರೆ ಮಾಡಿದ್ದ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ಸಾಲು ಕರಗ್ತಿತ್ತು. ಇನ್ನು ಒಂಬತ್ತು ಜನ. ಮೊದಲ ಬೆಂಚಲ್ಲಿದ್ದ ಹೆಂಡತಿಗೆ ಬೀಗದಮ್ಮನ್ನ ತೋರಿಸಿ ಕಣ್ಣಲ್ಲೇ ಕೇಳಿದ; ಅವಳು ಗೊತ್ತಿಲ್ಲ ಅಂತ ಭುಜ ಕುಣಿಸಿದಳು. ಇನ್ನು ನಾಲ್ಕು. ಕಾಲರ್ ಮೈಕನ್ನ ಕೈಯಲ್ಲಿ ಮುಚ್ಚಿ, ಪಕ್ಕದಲ್ಲಿ ದ್ರಾಕ್ಷಾರಸದ ಬಟ್ಟಲು ಹಿಡಿದಿದ್ದ ಹಿರಿಯಣ್ಣನ ಕಿವೀಲಿ ಪಿಸುಗುಟ್ಟಿದ, "ಬೀಗದಮ್ಮನ ಹೆಸರೇನು?"

"ಬೀಗದಮ್ಮ."

"ಅದಲ್ಲಣ್ಣ, ಹೆಸರು."

ಹಿರಿಯಣ್ಣನ ಮುಖ ಪೆಚ್ಚಾಯ್ತು. "ಇಪ್ಪತ್ತು ವರ್ಷದಿಂದ ಅದೇ ಅಲ್ವಾ?"

ಇನ್ನು ಒಬ್ಬರು. ಆಮೇಲೆ ಅವರೇ. ಸೊಂಟದಲ್ಲಿ ಕೀಲಿಗೊಂಚಲು, ಅಂಗೈ ಮುಂದಕ್ಕೆ ಚಾಚಿದ್ರು. ಇವನು ರೊಟ್ಟಿ ತುಂಡು ಎತ್ಕೊಂಡ. 'ಅಮ್ಮಾ' ಅಂದ್ಬಿಡು, ಯಾರಿಗೆ ಗೊತ್ತಾಗುತ್ತೆ ಅಂತ ಒಳಗಿಂದ ಯಾರೋ ಚುಚ್ಚಿದ ಹಾಗಾಯ್ತು.

"ಅಮ್ಮಾ..." ಅಂದ.

ಅವರು ಕಾದರು. ಅಂಗೈ ಮಡಚಲಿಲ್ಲ. ನಾಳೆ ಇವರು ಕಣ್ಣು ಬಿಡದಿದ್ರೆ?

"ನಿಮ್ಮ ಹೆಸರು ನಂಗೊತ್ತಿಲ್ಲ. ಕೇಳ್ಲೇ ಇಲ್ಲ ನಾನು. ಕ್ಷಮಿಸಿ."

ಮೈಕ್ ಆನ್ ಇತ್ತು. ಇಡೀ ಸಭೆಗೆ ಕೇಳಿಸ್ತು.

"ಅಯ್ಯೋ, ನಂಗೇ ಮರ್ತುಹೋಗಿತ್ತು ಬಿಡಿ," ಅಂದ್ರು ಬೀಗದಮ್ಮ. "ಮೊನ್ನೆ ಆಸ್ಪತ್ರೆ ಫಾರಂ ಬರೆಸುವಾಗ ನೆನಪಾಯ್ತು." ಆಮೇಲೆ ಮೆಲ್ಲಗೆ ಹೇಳಿದ್ರು. ಎರಡೇ ಅಕ್ಷರ.

ಅವನು ಆ ಹೆಸರು ಹಿಡಿದು ಕರೆದ, ರೊಟ್ಟಿ ಕೊಟ್ಟ. ಹಿರಿಯಣ್ಣನೂ ಬಟ್ಟಲು ಕೊಡುವಾಗ ಅದೇ ಹೆಸರು ಹೇಳಿದ. ಅವರು ಸ್ಟೂಲಿಗೆ ವಾಪಸ್ ಹೋಗ್ಲಿಲ್ಲ. ಇವನ ಹೆಂಡತಿ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಮನೆಗೆ ಹೋಗುವಾಗ ಬೀಗದಮ್ಮ ಕೀಲಿಗೊಂಚಲು ಇವನ ಕೈಗಿಟ್ಟು, "ನಾಳೆ ಬಾಗಿಲು ನೀವೇ ತೆಗೀರಿ" ಅಂದ್ರು. ಯಾವ ಬೀಗಕ್ಕೆ ಯಾವ ಕೀಲಿ ಅಂತ ಹೇಳ್ಲೂ ಇಲ್ಲ.

ಮರುದಿನ ಆಪರೇಷನ್ ಹೊತ್ತಿಗೆ ಸರಿಯಾಗಿ ಬಾಗಿಲ ಮುಂದೆ ನಿಂತ. ಹದಿನಾಲ್ಕು ಕೀಲಿ. ಆಸ್ಪತ್ರೆಯ ಸುದ್ದಿ ಬರಬೇಕಿದ್ದ ಫೋನ್ ಜೇಬಲ್ಲಿ ಸುಮ್ಮನಿತ್ತು. ಒಂದೊಂದೇ ಕೀಲಿ ತಿರುಗಿಸ್ತಾ, ಒಂದೊಂದಕ್ಕೂ ಅವರ ಹೆಸರು ಹಿಡಿದು ದೇವರನ್ನ ಕೇಳ್ಕೊಂಡ. ಹನ್ನೊಂದನೇದಕ್ಕೆ ಬೀಗ ತೆರೀತು. ಉಳಿದ ಮೂರನ್ನೂ ಬಿಡದೆ, ಅದೇ ಹೆಸರು ಹೇಳ್ಕೊಂಡು ತಿರುಗಿಸಿದ.