ಸೊಸೆಯ ಲಾಕರಿಗೆ ಮೂರು ಹಲಗೆ

ಆ ಮನೆಯಲ್ಲಿ ಯಾರನ್ನಾದರೂ ಹೊಗಳಿದರೆ ಅವರಿಗೆ ಮೈ ಹುಷಾರಿಲ್ಲ ಎಂದೇ ಅರ್ಥ. ಹುಷಾರಾಗಿ ಓಡಾಡಿಕೊಂಡಿರುವ ಯಾರಿಗೂ ಗೇಲಿ ತಪ್ಪಿದ್ದಲ್ಲ. ಅದರಲ್ಲಿ ಸಿಂಹಪಾಲು ಸಿಗುತ್ತಿದ್ದುದು ಮಾವನವರಿಗೆ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಅವರಿಗೆ ಮರಗೆಲಸದ ಹುಚ್ಚು ಹತ್ತಿತ್ತು. ಅವರು ಮಾಡಿದ ಸ್ಟೂಲಿನ ಮೇಲೆ ಕೂರುವಾಗ ಅತ್ತೆ ಗೋಡೆ ಹಿಡಿದುಕೊಂಡು "ರೈಟ್ ರೈಟ್" ಎನ್ನುತ್ತಿದ್ದರು. ಅಪ್ಪನ ಹಕ್ಕಿಗೂಡನ್ನು ನೋಡಿ ಗುಬ್ಬಚ್ಚಿಗಳು ಬೀದಿಯನ್ನೇ ಬದಲಾಯಿಸಿದವು ಎಂದು ಮಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಮಾವನವರು ಇಬ್ಬರನ್ನೂ ಬಾಯ್ತುಂಬ ಬೈದು, ಒಳಗೊಳಗೇ ಹಿಗ್ಗುತ್ತಿದ್ದರು.

ಸೊಸೆ ಮಾತ್ರ ಹಾಗಲ್ಲ. ಆಸ್ಪತ್ರೆಯಲ್ಲಿ ನರ್ಸು, ಅಲ್ಲಿ ಡಾಕ್ಟರುಗಳನ್ನೇ ಗದರುತ್ತಾಳೆ ಎಂದು ಮಗ ಹೇಳುತ್ತಿದ್ದ. ಇಲ್ಲಿ ನೋಡಿದರೆ, ಬಾಯಿ ಬಿಟ್ಟರೆ "ತುಂಬ ಚೆನ್ನಾಗಿದೆ ಮಾವ". ಸ್ಟೂಲೂ ಚೆನ್ನ, ಗೂಡೂ ಚೆನ್ನ. ಮದುವೆಯಾಗಿ ವರ್ಷ ತುಂಬುತ್ತ ಬಂದರೂ ನೆಂಟರ ಮನೆಗೆ ಬಂದವಳ ಹಾಗೆ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು. ಮಾವನವರಿಗೆ ಇದೇ ಕೊರಗು. ಇವಳು ಯಾವಾಗ ನಮ್ಮವಳಾಗುತ್ತಾಳೆ ಎಂದು ಕೇಳಿದರೆ, ನಿಮ್ಮ ಸ್ಟೂಲಿನಿಂದ ಒಮ್ಮೆ ಬೀಳಲಿ, ತಾನೇ ಆಗುತ್ತಾಳೆ ಎಂದರು ಅತ್ತೆ.

ಒಂದು ದಿನ ಮಾತಿನ ನಡುವೆ ಆಸ್ಪತ್ರೆಯ ಲಾಕರಿನ ವಿಷಯ ಬಂತು. ಆಳುದ್ದದ ಕಬ್ಬಿಣದ ಪೆಟ್ಟಿಗೆ, ಒಳಗೆ ಒಂದು ಅಡ್ಡಹಲಗೆಯೂ ಇಲ್ಲ; ಬೂಟಿನ ಮೇಲೆ ಊಟದ ಡಬ್ಬಿ, ಡಬ್ಬಿಯ ಮೇಲೆ ಸಮವಸ್ತ್ರ. ಮಾವನವರ ಕಿವಿ ನೆಟ್ಟಗಾಯಿತು. ಅದಕ್ಕೆ ಹಲಗೆ ನಾನು ಮಾಡಿಕೊಡುತ್ತೇನೆ ಎಂದರು. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೆಂಗಸರು ಬಟ್ಟೆ ಬದಲಾಯಿಸುವ ಕೋಣೆಗೆ ಇವರು ಹೋಗುವಂತಿರಲಿಲ್ಲ, ಹಾಗಾಗಿ ಟೇಪು ಕೊಟ್ಟು ಲಾಕರಿನ ಒಳಗಿನ ಅಗಲ, ಆಳ, ಎತ್ತರ ತರಲು ಹೇಳಿದರು. ಅವಳು ಕೂದಲೆಳೆಯಷ್ಟೂ ತಪ್ಪಿಲ್ಲದೆ ತಂದಳು.

ಎರಡು ಪಕ್ಕದ ಹಲಗೆ, ಮೇಲೊಂದು ಕೆಳಗೊಂದು ಅಡ್ಡಪಟ್ಟಿ, ಸ್ಕ್ರೂ ಬಿಗಿದು ಭದ್ರವಾದ ಚೌಕಟ್ಟು. ಪಕ್ಕದ ಹಲಗೆಗಳಲ್ಲಿ ಕೆಳಗಿನಿಂದ ಮೇಲಕ್ಕೆ ತೂತಿನ ಸಾಲು, ಸಾಲಿಗೆ ಎಂಟು. ಬೇಕಾದ ತೂತಿಗೆ ಮರದ ಗೂಟ ಸಿಕ್ಕಿಸಿ ಅದರ ಮೇಲೆ ಹಲಗೆ ಇಟ್ಟರಾಯಿತು. ಬೂಟು ಎತ್ತರವಾದರೆ ಹಲಗೆ ಮೇಲಕ್ಕೆ, ಡಬ್ಬಿ ಗಿಡ್ಡವಾದರೆ ಕೆಳಕ್ಕೆ. ಅಂಥ ಮೂರು ಹಲಗೆಗಳನ್ನು ಮಾವನವರು ವಾರವಿಡೀ ಹಿತ್ತಲಲ್ಲಿ ಕೂತು ಉಜ್ಜಿದ್ದೇ ಉಜ್ಜಿದ್ದು. ಹೋಗುವುದು ಆಸ್ಪತ್ರೆಗೇ ತಾನೆ, ಮುರಿದರೆ ಅಲ್ಲೇ ಪ್ಲಾಸ್ಟರ್ ಹಾಕುತ್ತಾರೆ ಎಂದು ಮಗ ಎಲ್ಲವನ್ನೂ ಕಾರಿಗೆ ಏರಿಸಿದ.

ಸಂಜೆ ಸೊಸೆ ಬಂದಳು. ಸರಿಯಾಗಿ ಕೂತಿತಾ ಎಂದರೆ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು ಎಂದಳು. ಮಾವನವರ ಮುಖ ಊರಗಲವಾಯಿತು. ಡಬ್ಬಿಯ ಹಲಗೆಯನ್ನು ಯಾವ ತೂತಿಗೆ ಹಾಕಿದೆ ಎಂದು ಕೇಳಿದರು.

"ನಟ್ಟನಡುವಿನದಕ್ಕೆ ಮಾವ. ತುಂಬ ಚೆನ್ನಾಗಿದೆ."

ಎಂಟು ತೂತಿನ ಸಾಲಿನಲ್ಲಿ ನಟ್ಟನಡುವಿನದು ಎಲ್ಲಿಂದ ಬರಬೇಕು? ಮೇಲೆ ನಾಲ್ಕು, ಕೆಳಗೆ ನಾಲ್ಕು, ನಡುವೆ ಬರೀ ಮರ. ಮಾವನವರು ಎದ್ದು ಹಿತ್ತಲಿಗೆ ಹೋಗಿ ನಿಂತರು. ಚೌಕಟ್ಟು ಕೂರದಿದ್ದರೆ ಹಾಳಾಗಿ ಹೋಗಲಿ, ಅವರ ಕೈಯಲ್ಲಿ ಕೆಟ್ಟ ಮರಕ್ಕೇನು ಲೆಕ್ಕವೇ! ಆದರೆ ಬೀದಿಯವರಿಗೆ ಹೇಳುವಂಥ ಸಿಹಿ ಸುಳ್ಳನ್ನು ತಮಗೆ ಹೇಳಿದಳಲ್ಲ, ಅದು ನೋವಾಯಿತು.

ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. ಎಂಟು ತೂತಿನಲ್ಲಿ ನಡುವಿನದು ಅಂತ ಇರುವುದಿಲ್ಲ ಕಣಮ್ಮ ಎಂದುಬಿಟ್ಟರು. ಸೊಸೆಯ ಕೈಯ ತುತ್ತು ತಟ್ಟೆಗೆ ಬಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ನಿಜ ಹೇಳಿದಳು. ಲಾಕರಿನ ಬಾಗಿಲ ಹತ್ತಿರ ಎರಡೂ ಕಡೆ ತಗಡು ಒಳಕ್ಕೆ ಮಡಿಚಿಕೊಂಡಿದೆ. ಹೊಟ್ಟೆ ಎಷ್ಟೇ ಅಗಲವಿದ್ದರೂ ಬಾಯಿ ಕಿರಿದು. ನಾಲ್ಕು ಜನ ನರ್ಸುಗಳು ಸೇರಿ ನೂಕಿದರೂ ಚೌಕಟ್ಟು ಜಪ್ಪಯ್ಯ ಅಂದರೂ ಒಳಗೆ ಹೋಗಲಿಲ್ಲ. ಈಗ ವಾಚ್‌ಮನ್ನನ ಕೋಣೆಯಲ್ಲಿದೆ. ತಪ್ಪು ತನ್ನದೇ, ಬಾಯಿಯ ಅಳತೆಯನ್ನೂ ತರಬೇಕಿತ್ತು ಎಂದಳು.

ಅತ್ತೆ ಸುಮ್ಮನಿರುವವರೇ? ಮೂವತ್ತು ವರ್ಷ ಬಸ್ಸನ್ನು ಡಿಪೋದೊಳಗೆ ನುಗ್ಗಿಸಿದವರಿಗೆ ಗೇಟಿನ ಅಗಲ ನೋಡಬೇಕೆಂದು ಗೊತ್ತಾಗಲಿಲ್ಲವೇ ಎಂದು ಗಂಡನನ್ನು ಝಾಡಿಸಿದರು.

"ನೋಡು, ಇದು ಮಾತು," ಎಂದರು ಮಾವನವರು ಸೊಸೆಗೆ. "ಇದನ್ನ ನೀನು ಹೇಳ್ಬೇಕಿತ್ತು. ಈ ಮನೇಲಿ ನನ್ನ ಆಡ್ಕೊಳ್ಳದೇ ಇರೋಳು ನೀನೊಬ್ಳೇ. ನೀನು ಹೊಗಳಿದಾಗೆಲ್ಲ, ಇವಳು ನಾಳೆ ಎದ್ದು ತನ್ನ ಮನೆಗೆ ಹೋಗ್ಬಿಡ್ತಾಳೇನೋ ಅನ್ಸುತ್ತೆ ನಂಗೆ."

ಸೊಸೆ ತಲೆ ತಗ್ಗಿಸಿ ಊಟ ಮುಗಿಸಿದಳು. ಹೆಚ್ಚು ಮಾತಾಡಿಬಿಟ್ಟೆನೇನೋ ಎಂದು ಮಾವನವರಿಗೆ ಪೇಚಾಟ ಶುರುವಾಯಿತು.

ಮರುದಿನ ಅವಳ ಜೊತೆಗೇ ಹೋಗಿ, ವಾಚ್‌ಮನ್ನನ ಕೋಣೆಯಲ್ಲಿ ಸ್ಕ್ರೂಗಳನ್ನೆಲ್ಲ ಬಿಚ್ಚಿದರು. ಪಕ್ಕದ ಹಲಗೆಗಳನ್ನು ಒಂದೊಂದಾಗಿ ಒಳಗಿಟ್ಟು, ಅಲ್ಲೇ ಪಟ್ಟಿ ಬಿಗಿದು, ಉಳಿದ ಹಲಗೆಗಳನ್ನು ಓರೆಯಾಗಿ ತೂರಿಸು ಎಂದು ವಿವರಿಸಿ ಸ್ಕ್ರೂಡ್ರೈವರನ್ನು ಅವಳ ಕೈಗಿತ್ತರು. ಅವಳು ಹೂಂ ಎಂದಳು, ಅಷ್ಟೇ. ದಿನವಿಡೀ ಮಾವನವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಸಂಜೆ ಬಂದು ಮತ್ತೆ ತುಂಬ ಚೆನ್ನಾಗಿದೆ ಎಂದುಬಿಟ್ಟರೆ ಏನು ಗತಿ?

ಸೊಸೆ ಒಳಗೆ ಬಂದವಳೇ ಬ್ಯಾಗನ್ನು ದೊಪ್ಪೆಂದು ಇಟ್ಟು, ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಏನ್ ಮಾವ ಇದು? ಮಧ್ಯದ ಹಲಗೆ ಮುಂದಕ್ಕೆ ವಾಲ್ಕೊಂಡಿದೆ. ಬಾಗಿಲು ತೆಗೆದ್ರೆ ಡಬ್ಬಿ ಜಾರಿ ಪಕ್ಕದವಳ ಕಾಲ್ಮೇಲೆ ಬಿತ್ತು. ನೀವು ಹಲಗೆ ಮಾಡಿದ ಥರ ನಾನು ಬ್ಯಾಂಡೇಜ್ ಕಟ್ಟಿದ್ರೆ ಅವತ್ತೇ ಕೆಲ್ಸದಿಂದ ಓಡಿಸ್ತಿದ್ರು."

ಅಡುಗೆಮನೆಯಲ್ಲಿ ಅತ್ತೆಯ ಸೌಟಿನ ಸದ್ದು ನಿಂತಿತು. ಮಾವನವರು ಮುಂದಕ್ಕೆ ಬಾಗಿ, ಇನ್ನೇನಾದರೂ ಇದೆಯಾ ಎಂದರು.

ಬೇಕಾದಷ್ಟಿದೆ ಎಂದಳು.

"ಕೂತ್ಕೊ," ಎಂದು ಮಾವನವರು ತಮ್ಮ ಪಕ್ಕಕ್ಕೇ ಕುರ್ಚಿ ಎಳೆದರು. "ಒಂದೂ ಬಿಡ್ಬೇಡ. ಎಲ್ಲಾ ಹೇಳು."